ಎಡಗೈಯಲ್ಲಿ ನಾಡಿ ಸಿಗುತ್ತಿಲ್ಲ, ಇಎಸ್‌ಆರ್ ಮಾತ್ರ ನಾರ್ಮಲ್. ಇದು ತಕಯಾಸು ಕಾಯಿಲೆನಾ?

ಮಂಡ್ಯದಲ್ಲಿರುವ ನಿಮ್ಮ 19ರ ತಂಗಿಗೆ ಬಲಗೈಯಲ್ಲಿ ಬಿಪಿ 150, ಎಡಗೈಯಲ್ಲಿ 90. ತಲೆ ಬಾಚುವಷ್ಟರಲ್ಲಿ ಎಡಗೈ ಸೋತು ಹೋಗುತ್ತದೆ ಅಂದಿದ್ದೀರಿ. ಮೈಯಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ರಕ್ತಪರೀಕ್ಷೆ ಇಎಸ್‌ಆರ್ ನಾರ್ಮಲ್ ಬಂದಮೇಲೆ ಕಾಯಿಲೆ ಇಲ್ಲ ತಾನೆ, ಇದ್ದರೂ ಸ್ಟೆಂಟ್ ಹಾಕಿಸಿದರೆ ಮುಗೀತಲ್ಲ ಅನ್ನುವುದು ನಿಮ್ಮ ಪ್ರಶ್ನೆ. ಎರಡೂ ಹಾಗಲ್ಲ.

ತಕಯಾಸುವಿನಲ್ಲಿ ಮಹಾಪಧಮನಿ ಮತ್ತು ಅದರ ದೊಡ್ಡ ಕವಲುಗಳ ಗೋಡೆ ಉರಿಯೂತದಿಂದ ದಪ್ಪಗಾಗಿ ಒಳದಾರಿ ಕಿರಿದಾಗುತ್ತದೆ. ಇಎಸ್‌ಆರ್, ಅಂಥದ್ದೇ ಇನ್ನೊಂದು ಪರೀಕ್ಷೆಯಾದ ಸಿಆರ್‌ಪಿ ಸರಿಯಿದ್ದಾಗಲೂ ಗೋಡೆಯೊಳಗೆ ಉರಿಯೂತ ನಡೆಯುತ್ತಲೇ ಇರಬಹುದು. ಮೊದಲು ಎರಡು ಕೈ, ಎರಡು ಕಾಲು, ನಾಲ್ಕರಲ್ಲೂ ಬಿಪಿ ನೋಡಿಸಿ. ಕೈಗಳ ನಡುವೆ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೇ ಅನುಮಾನ ಪಡಬೇಕು. ನಿಮ್ಮಲ್ಲಿ 60 ಇದೆ! ಕುತ್ತಿಗೆ, ಕೊರಳೆಲುಬಿನ ಮೇಲೆ, ಹೊಕ್ಕುಳ ಸುತ್ತ ಸ್ಟೆತಾಸ್ಕೋಪ್ ಇಟ್ಟು ಭುಸ್ ಅನ್ನುವ ಸದ್ದಿದೆಯಾ ಕೇಳಬೇಕು. ಸೋತ ಕೈಯ ಅಳತೆ ನಂಬಿ ‘ಲೋ ಬಿಪಿ’ ಅಂದುಬಿಡುವುದೇ ಇಲ್ಲಿ ಆಗುವ ದೊಡ್ಡ ಎಡವಟ್ಟು. ನಮ್ಮ ಕಡೆಯ ರೋಗಿಗಳಲ್ಲಿ ಕಿಡ್ನಿಯ ರಕ್ತನಾಳ ಕಿರಿದಾಗಿ ಬಿಪಿ ಏರುವುದು ಸಾಮಾನ್ಯ. ಎರಡೂ ಕಿಡ್ನಿಗೆ ಹಾಗಾಗಿದ್ದರೆ ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆಯಿಂದ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಅಂಶ) ಜಿಗಿಯಬಹುದು.

ರಕ್ತನಾಳಗಳ ಚಿತ್ರ ತೆಗೆಯುವ ಆಂಜಿಯೋಗ್ರಾಮ್ ಕುತ್ತಿಗೆಯಿಂದ ಹೊಟ್ಟೆಯ ಕೆಳಗಿನವರೆಗೂ ಆಗಲಿ, ಬರೀ ಎಡಗೈಗಲ್ಲ. ಮತ್ತೆ ಮತ್ತೆ ಮಾಡಿಸಬೇಕಾಗುತ್ತದೆ, ವಯಸ್ಸು ಚಿಕ್ಕದು. ಸಿಟಿ ಆಂಜಿಯೋಗ್ರಾಮ್‌ಗಿಂತ ಎಂಆರ್‌ಐ ಆಂಜಿಯೋಗ್ರಾಮ್ ಮೇಲು ಅಂತ ನನ್ನ ಅನಿಸಿಕೆ. ರೇಡಿಯೇಷನ್ ಇಲ್ಲ, ಗೋಡೆಯ ದಪ್ಪವೂ ಕಾಣುತ್ತದೆ.

ಕಾಯಿಲೆ ಚುರುಕಾಗಿದ್ದರೆ ಸ್ಟೆರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ ದಿನಕ್ಕೆ 40ರಿಂದ 60 ಮಿ.ಗ್ರಾಂ; 2-3 ತಿಂಗಳಲ್ಲಿ 15-20ಕ್ಕೆ, ವರ್ಷ ತುಂಬುವ ಹೊತ್ತಿಗೆ 10ಕ್ಕೆ ಅಥವಾ ಅದಕ್ಕೂ ಕೆಳಗೆ. ಮುಖ ಊದಿಕೊಂಡಿತು ಅಂತ ತಟ್ಟನೆ ನಿಲ್ಲಿಸಬೇಡಿ. ಸ್ಟೆರಾಯ್ಡ್ ಇಳಿಸುವಾಗಲೇ ಕಾಯಿಲೆ ಮರುಕಳಿಸುವುದು ಹೆಚ್ಚು, ಅದಕ್ಕೇ ಜೊತೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ಮಾತ್ರೆ ಕೊಡುತ್ತಾರೆ. ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ರಕ್ತಕಣಗಳು ಕುಸಿದು ಪ್ರಾಣಕ್ಕೇ ಕುತ್ತು. ವಾರದ ಯಾವ ದಿನ ಅಂತ ಗೊತ್ತುಮಾಡಿ ಚೀಟಿಯ ಮೇಲೆ ಬರೆಸಿಕೊಳ್ಳಿ, ಫೋಲಿಕ್ ಆಸಿಡ್ ಬೇರೆ ದಿನ. ಮೆಥೊಟ್ರೆಕ್ಸೇಟ್ ನಡೆಯುವಾಗ ಗರ್ಭ ನಿಲ್ಲಬಾರದು. ಟೋಸಿಲಿಜುಮಾಬ್, ಇನ್‌ಫ್ಲಿಕ್ಸಿಮಾಬ್‌ನಂಥ ಉರಿಯೂತ ತಡೆಯುವ ಇಂಜೆಕ್ಷನ್ ಶುರುಮಾಡುವ ಮುಂಚೆ ಟಿಬಿ ಪರೀಕ್ಷೆ ಬಿಡುವಂತೆಯೇ ಇಲ್ಲ.

ಸ್ಟೆಂಟ್ ವಿಷಯ: ಉರಿಯೂತ ಆರುವ ಮೊದಲೇ ಹಾಕಿದ್ದು ಬೇಗ ಮತ್ತೆ ಕಟ್ಟಿಕೊಳ್ಳುತ್ತದೆ. ಕೈಗೆ ಅಕ್ಕಪಕ್ಕದ ಸಣ್ಣ ನಾಳಗಳು ಬೆಳೆದು ರಕ್ತ ಒದಗಿಸುವುದೂ ಉಂಟು. ಹಾಗಾಗಿ ಮೈಸೂರಿನ ಜಯದೇವಕ್ಕೆ ಹೋದರೂ ರುಮಟಾಲಜಿಸ್ಟ್ (ಇಂಥ ಉರಿಯೂತದ ಕಾಯಿಲೆಗಳ ತಜ್ಞರು) ಅಭಿಪ್ರಾಯ ಕೈಯಲ್ಲಿರಲಿ. ಕಣ್ಣು ಮಂಜಾಗುವುದು, ಮಾತು ತೊದಲುವುದು, ಎದೆನೋವು, ಉಬ್ಬಸ ಬಂದರೆ ಮಾತ್ರ ಅಪಾಯಿಂಟ್‌ಮೆಂಟ್‌ಗೆ ಕಾಯದೆ ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.