ಸೀಲಿಂಗ್ ಮೇಲೆ ಬೇಳೆ, ಫೋನ್ ಒಳಗೆ ಪೊಲೀಸು, ಮಗಳ ಬಾಯಲ್ಲಿ ಕೊರಿಯಾ

ಈ ತಿಂಗಳು ಬಂದಿರೋ ಪತ್ರ ಓದ್ತಾ ಇದ್ರೆ ನೀವೆಲ್ಲ ನನ್ನನ್ನ ಕೋರ್ಟಲ್ಲಿ ಕೂರಿಸಿಬಿಟ್ಟಿದೀರ ಅನ್ಸುತ್ತೆ. ಎಲ್ಲಾರದ್ದೂ ಕೊನೇ ಸಾಲು ಒಂದೇ, "ಯಾರದ್ದು ಸರಿ ನೀವೇ ಹೇಳಿ ಅಕ್ಕಾ". ಒಂದು ಜಗಳದ್ದಂತೂ ಗಂಡ ಹೆಂಡ್ತಿ ಇಬ್ರೂ ಬೇರೆಬೇರೆ ಬರ್ದಿದಾರೆ, ಒಬ್ರು ಬರ್ದಿರೋದು ಇನ್ನೊಬ್ರಿಗೆ ಗೊತ್ತಿಲ್ಲ, ಅದನ್ನ ನಾನು ಇಲ್ಲಿ ಹಾಕಲ್ಲ, ಇಬ್ರೂ ಈ ಸಂಚಿಕೆ ಬಿಡಿಸಿ ನೋಡ್ತಾ ಇರ್ತೀರ ಅಂತ ಗೊತ್ತು, ಸುಮ್ನೆ ಹೋಗಿ ಕಾಫಿ ಮಾಡ್ಕೊಂಡು ಕುಡೀರಿ.

ಅಕ್ಕಾ, ನಾವು ಮೂರು ಜನ ಹುಡುಗ್ರು ಒಂದು ಬಾಡಿಗೆ ಮನೇಲಿದೀವಿ. ಭಾನುವಾರ ಸಾರು ಮಾಡೋಣ ಅಂತ ಕುಕ್ಕರ್‌ನಲ್ಲಿ ತೊಗರಿಬೇಳೆ ಇಟ್ವಿ, ಎಷ್ಟೊತ್ತಾದ್ರೂ ವಿಷಲ್ ಬರ್ಲಿಲ್ಲ, ಬರುತ್ತೆ ಬಿಡು ಅಂತ ಮ್ಯಾಚ್ ನೋಡ್ತಾ ಕೂತ್ವಿ, ಆಮೇಲೆ ಢಮ್ ಅಂತು, ಬೇಳೆ ಪೂರ್ತಿ ಸೀಲಿಂಗ್‌ಗೆ. ಇದು ಕುಕ್ಕರ್ ತಪ್ಪಾ ನಮ್ ತಪ್ಪಾ? ಓನರ್ ಆಂಟಿ ಮುಂದಿನ ವಾರ ಬರ್ತಾರೆ, ಅಡ್ವಾನ್ಸ್‌ನಲ್ಲಿ ಹಿಡ್ಕೊಂಡ್ಬಿಡ್ತಾರಾ? — ಬೆಂಗಳೂರು

ನಿಮ್ ತಪ್ಪು ಕಣಪ್ಪ, ಇದಕ್ಕೆ ಪಂಚಾಯ್ತಿ ಬೇಡ. ವಿಷಲ್ ಬರ್ಲಿಲ್ಲ ಅಂತ ನೀನೇ ಬರ್ದಿದೀಯ, ಕುಕ್ಕರ್ ಅಷ್ಟೊತ್ತಿಂದ ಬಾಯಿ ಮುಚ್ಕೊಂಡು ಕೂತಿದೆ ಅಂದ್ರೆ ಎದ್ದು ಹೋಗಿ ಗ್ಯಾಸ್ ಆಫ್ ಮಾಡ್ಬೇಕಿತ್ತು. ತೊಗರಿಬೇಳೆ ಕುದಿಯುವಾಗ ನೊರೆ ಜಾಸ್ತಿ, ಆ ನೊರೆ ಜೊತೆ ಬೇಳೆ ಚೂರು ಮೇಲಕ್ಕೆ ಹೋಗಿ ಮುಚ್ಚಳದ ಮಧ್ಯೆ ವೆಯ್ಟ್ ಕೂರುತ್ತಲ್ಲ ಆ ಸಣ್ಣ ತೂತಿಗೆ ಕಚ್ಕೊಳ್ಳುತ್ತೆ, ಹಬೆಗೆ ದಾರಿ ಇಲ್ಲ, ಒತ್ತಡ ಏರ್ತಾ ಏರ್ತಾ ಹೋಗುತ್ತೆ. ಮಾಮೂಲಿ ಪಾತ್ರೇಲಿ ನೀರು 100 ಡಿಗ್ರಿಗೆ ಕುದೀತಾ ಇದ್ರೆ ಕುಕ್ಕರ್ ಒಳಗೆ ಸುಮಾರು 120ರವರೆಗೆ ಹೋಗುತ್ತೆ, ಅಷ್ಟು ಬಿಸಿ ಸಾರು ಮುಖಕ್ಕೆ ಬಿದ್ದಿದ್ರೆ ಏನಾಗ್ತಿತ್ತು ಯೋಚ್ನೆ ಮಾಡು. ಢಮ್ ಅಂದಿದ್ದು ಸೇಫ್ಟಿ ವಾಲ್ವ್ ಇರ್ಬೇಕು, ಅದು ಕರಗಿ ಕಿತ್ಕೊಂಡು ಹೋಗಿದ್ದಕ್ಕೇ ಮುಚ್ಚಳ ಹಾರ್ಲಿಲ್ಲ, ನಿನ್ನ ಕುಕ್ಕರ್ ತನ್ನ ಕೆಲಸ ಸರಿಯಾಗೇ ಮಾಡಿದೆ. ಹೊಸ ವಾಲ್ವ್ ತಗೊಳ್ಳುವಾಗ ಅದೇ ಕಂಪನೀದೇ ತಗೋ, ಪಾತ್ರೆ ಅಂಗಡಿಯವ್ನು "ಇದೂ ಆಗುತ್ತೆ ಸಾರ್" ಅಂತ ಯಾವ್ದೋ ಒಂದನ್ನ ಕೊಡ್ತಾನೆ, ಬೇಡ. ಬೇಳೆ ಇಡುವಾಗ ನೀರೂ ಸೇರಿ ಅರ್ಧ ಕುಕ್ಕರ್‌ಗಿಂತ ಮೇಲೆ ಹೋಗ್ಬಾರ್ದು, ಒಂದು ಚಮಚ ಎಣ್ಣೆ ಹಾಕು ನೊರೆ ತಗ್ಗುತ್ತೆ, ಮುಚ್ಚಳ ಹಾಕೋ ಮುಂಚೆ ಆ ತೂತನ್ನ ಲೈಟಿಗೆ ಹಿಡಿದು ಆಚೆ ಬೆಳಕು ಕಾಣುತ್ತಾ ನೋಡು.

ಸೀಲಿಂಗ್ ವಿಷ್ಯ. ಅರಿಶಿನದ ಕಲೆ ಬಿಸಿಲಿಗೆ ಇಟ್ರೆ ತಾನಾಗೇ ಮಾಸುತ್ತೆ, ಆದ್ರೆ ನಿಮ್ ಅಡುಗೆಮನೆ ಸೀಲಿಂಗ್‌ನ ಬಿಸಿಲಿಗೆ ಇಡೋಕೆ ಆಗಲ್ವಲ್ಲ! ಒಂದು ಡಬ್ಬ ಬಿಳಿ ಡಿಸ್ಟೆಂಪರ್ ತಂದು ಆಂಟಿ ಬರೋಕೆ ಮುಂಚೆ ಬಳೀರಿ. ಬಳಿದ ಜಾಗ ಮಾತ್ರ ಹೊಳೀತಾ ಇದ್ರೆ ಆಂಟಿಗೆ ಗೊತ್ತಾಗುತ್ತೆ, ಅದಕ್ಕೆ ಪೂರ್ತಿ ಬಳೀರಿ.

ಅಕ್ಕಾರ, ನಮಸ್ಕಾರ್ರೀ. ನಮ್ಮನ್ಯಾಗ ಹದಿನೈದು ದಿವಸದಿಂದ ಒಂದ ಜಗಳ ನಡದೈತ್ರೀ. "ಆಡಿಸಿ ನೋಡು ಬೀಳಿಸಿ ನೋಡು" ಹಾಡು ಅಣ್ಣಾವ್ರ ಸ್ವತಃ ಹಾಡ್ಯಾರ ಅಂತ ನಮ್ಮಪ್ಪ, ಅಲ್ಲ ಪಿ.ಬಿ. ಶ್ರೀನಿವಾಸ್ ಅಂತ ನಮ್ಮವ್ವ. ಮೊಬೈಲ್‌ನ್ಯಾಗ ತೋರ್ಸಿದ್ರ ಅದರಾಗ ಯಾರ್ ಬೇಕಾದ್ರೂ ಏನ್ ಬೇಕಾದ್ರೂ ಬರೀತಾರ ಅಂತಾನ ನಮ್ಮಪ್ಪ. ಸೋತವರು ಮನಿ ಮಂದಿಗೆಲ್ಲ ಗಿರ್ಮಿಟ್, ಮಿರ್ಚಿ ಭಜಿ ಕೊಡಸಬೇಕಂತ ಪಣ ಆಗೈತಿ. ನೀವು ಪತ್ರಿಕಾದಾಗ ಬರದ್ರ ಇಬ್ರೂ ಒಪ್ಪತಾರಂತ. — ಹುಬ್ಬಳ್ಳಿ

ಅಪ್ಪ ಅವ್ರೇ, ಪರ್ಸ್ ತೆಗೀರಿ. 1971ರಲ್ಲಿ ಬಂದ "ಕಸ್ತೂರಿ ನಿವಾಸ" ಸಿನಿಮಾದ್ದು ಅದು, ಹಾಡಿದ್ದು ಪಿ.ಬಿ. ಶ್ರೀನಿವಾಸ್. ಆದ್ರೆ ನಿಮ್ಮಪ್ಪ ಹೇಳೋದು ಬರೀ ಹಠ ಅಂತ ತಳ್ಳಿಹಾಕ್ಬೇಡಿ, ಆ ಕಾಲದಲ್ಲಿ ಥಿಯೇಟರ್‌ನಲ್ಲಿ ಕೂತು ನೋಡಿದೋರಿಗೆ ಅದು ರಾಜ್‌ಕುಮಾರ್ ದನಿನೇ. ಶರೀರ ಅವ್ರದ್ದು ಶಾರೀರ ಇವ್ರದ್ದು ಅಂತ ಜನ ಮಾತಾಡ್ತಾ ಇದ್ರು, ಅಷ್ಟು ಹೊಂದಿಕೊಂಡಿತ್ತು. ನಂಗಂತೂ ಚಿಕ್ಕೋಳಿದ್ದಾಗ ಬೇರೆ ಯಾರೋ ಹಾಡ್ತಾರೆ ಅನ್ನೋದೇ ಗೊತ್ತಿರ್ಲಿಲ್ಲ, ಗೊತ್ತಾದ ದಿನ ಯಾರೋ ಮೋಸ ಮಾಡಿದ ಹಾಗೆ ಬೇಜಾರಾಗಿ ಊಟ ಬಿಟ್ಟಿದ್ದೆ.

ತಮಾಷೆ ಏನಪ್ಪಾ ಅಂದ್ರೆ ರಾಜ್‌ಕುಮಾರ್‌ಗೆ ಹಾಡೋಕೆ ಬರ್ದೇ ಇರ್ಲಿಲ್ಲ. ಗುಬ್ಬಿ ಕಂಪನೀಲಿ ಬೆಳೆದೋರು, ನಾಟಕದ ಕಂಪನೀಲಿ ಬಣ್ಣ ಹಚ್ಚಿದೋನೇ ಹಾಡ್ಬೇಕು, ಹಿಂದೆ ಬೇರೆಯೋರು ನಿಂತು ಹಾಡೋ ಪದ್ಧತಿ ಎಲ್ಲಿತ್ತು. ಸಿನಿಮಾದಲ್ಲೂ ಅಲ್ಲೊಂದು ಇಲ್ಲೊಂದು ಹಾಡಿದ್ರು, ಆದ್ರೆ 1974ರಲ್ಲಿ "ಸಂಪತ್ತಿಗೆ ಸವಾಲ್" ಬಂತು ನೋಡಿ, ಎಮ್ಮೆ ಮೇಲೆ ಕೂತ್ಕೊಂಡು "ಯಾರೇ ಕೂಗಾಡಲಿ" ಅಂತ ಹಾಡಿದ್ರಲ್ಲ, ಅವತ್ತು ಪಿಬಿಎಸ್ ಸಿಗ್ಲಿಲ್ಲ ಅದಕ್ಕೆ ಇವ್ರೇ ಹಾಡಿದ್ರು ಅಂತ ಎಲ್ರೂ ಹೇಳೋ ಕಥೆ, ಆ ಮೇಲೆ ಅವ್ರ ಹಾಡುಗಳನ್ನ ಹೆಚ್ಚುಕಮ್ಮಿ ಅವ್ರೇ ಹಾಡಿದ್ರು. ಕೊನೆಗೆ "ಜೀವನ ಚೈತ್ರ"ದ ಹಾಡಿಗೆ 1992ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು, ಅದೂ ಹಿನ್ನೆಲೆ ಗಾಯಕ ಅಂತ! ಹಾಗಾಗಿ ನಿಮ್ಮನೇಲಿ ಇನ್ನೊಂದು ಪಣ ಆದ್ರೆ ಮೊದ್ಲು ಸಿನಿಮಾ ಇಸವಿ ಕೇಳಿ, 1974ಕ್ಕೆ ಮುಂಚೇದಾ ಆಮೇಲಿಂದಾ, ಬಹಳಷ್ಟು ಜಗಳ ಅಲ್ಲೇ ಮುಗಿಯುತ್ತೆ.

ಪಿಬಿಎಸ್ ಬಗ್ಗೆ ಇನ್ನೊಂದೇ ಒಂದು ಮಾತು, ತಡ್ಕೊಳ್ಳೋಕೆ ಆಗ್ತಿಲ್ಲ. ಜೇಬಲ್ಲಿ ಬಣ್ಣಬಣ್ಣದ ಪೆನ್ನು ಸಿಗಿಸ್ಕೊಂಡು ತಲೆ ಮೇಲೆ ಪೇಟದಂಥ ಟೋಪಿ ಹಾಕ್ಕೊಂಡು ಚೆನ್ನೈನ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಹೋಟ್ಲಲ್ಲಿ ದಿನಾ ಕೂತ್ಕೊಂಡು ಎಂಟ್ಹತ್ತು ಭಾಷೇಲಿ ಕವಿತೆ ಬರೀತಿದ್ರು ಆ ಮನುಷ್ಯ. ಹುಟ್ಟಿದ್ದು ಕಾಕಿನಾಡದಲ್ಲಿ. ಕನ್ನಡದ ಮನೆಮನೆಯ ದನಿ ಅಲ್ಲಿಂದ ಬಂದಿದ್ದು. ಮಿರ್ಚಿ ತಿನ್ನುವಾಗ ಒಂದು ತುಣುಕು ಅವ್ರ ಹೆಸ್ರಲ್ಲಿ ತಿನ್ನಿ.

ಮೇಡಂ, ನಾನು ಮಸ್ಕತ್‌ನಲ್ಲಿದೀನಿ, ಅಪ್ಪ ಅಮ್ಮ ಶಿವಮೊಗ್ಗ ಹತ್ರ. ಅಪ್ಪ ರಿಟೈರ್ಡ್ ಗಣಿತ ಮೇಷ್ಟ್ರು. ಹೋದ ವಾರ ಅವ್ರಿಗೆ ಪೊಲೀಸ್ ಡ್ರೆಸ್ ಹಾಕಿದೋನು ವಿಡಿಯೋ ಕಾಲ್ ಮಾಡಿ, ನಿಮ್ಮ ಆಧಾರ್‌ನಲ್ಲಿ ಪಾರ್ಸೆಲ್ ಹೋಗಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದೀರಿ, ಯಾರಿಗೂ ಹೇಳೋ ಹಾಗಿಲ್ಲ ಅಂತ ನಾಲ್ಕು ಗಂಟೆ ರೂಮಲ್ಲಿ ಕೂರಿಸಿ ಅರವತ್ತೆರಡು ಸಾವಿರ ಹಾಕಿಸ್ಕೊಂಡಿದಾರೆ. ಅಮ್ಮ ಬೈತಾನೇ ಇದಾರೆ. ಅಪ್ಪ ವಾಕಿಂಗ್ ಬಿಟ್ಟಿದಾರೆ, ನನ್ ಹತ್ರ ಫೋನಲ್ಲೂ "ಹ್ಞೂಂ, ಸರಿ" ಅಷ್ಟೇ. ದುಡ್ಡು ಹೋಗ್ಲಿ, ಅಪ್ಪನ್ನ ಹೇಗೆ ಮಾತಾಡಿಸ್ಲಿ?

ದುಡ್ಡು ಹೋಗ್ಲಿ ಅನ್ಬೇಡಮ್ಮ ಮೊದ್ಲು. ಇನ್ನೂ ಕಂಪ್ಲೇಂಟ್ ಆಗಿಲ್ಲ ಅಂದ್ರೆ ಇವತ್ತೇ 1930ಕ್ಕೆ ಫೋನ್ ಮಾಡ್ಸು, ಬ್ಯಾಂಕಿಗೂ ಹೋಗ್ಲಿ, ಅದು ಸೈಬರ್ ವಂಚನೆಗೆ ಅಂತಾನೇ ಇರೋ ನಂಬರು, ದುಡ್ಡು ಇನ್ನೂ ಆ ಕಳ್ಳರ ಖಾತೇಲಿ ಇದ್ರೆ ತಡೆಹಿಡಿಯೋಕೆ ದಾರಿ ಇರುತ್ತೆ, ವಾರ ಕಳೆದ್ರೆ ಕಷ್ಟ, ಒಂದು ಗಂಟೆ ಒಳಗೆ ಮಾಡಿದ್ರೆ ಒಳ್ಳೇದು. ಆದ್ರೂ ಮಾಡ್ಸು. ಮಾಡೋರು ಅಪ್ಪಾನೇ ಆಗಿರ್ಲಿ. ನೀನು ಮಸ್ಕತ್‌ನಲ್ಲಿ ಕೂತು ಎಲ್ಲ ಮುಗಿಸಿಬಿಟ್ರೆ ಅವ್ರು ಇನ್ನೂ ಕುಗ್ತಾರೆ. "ಅಪ್ಪಾ, ಕಾಲ್ ಎಷ್ಟೊತ್ತಿಗೆ ಬಂತು, ಯಾವ ಖಾತೆಗೆ ಎಷ್ಟೆಷ್ಟು ಹಾಕಿದ್ರಿ, ಒಂದು ಹಾಳೇಲಿ ಬರ್ದಿಡಿ ನಂಗೆ ಬೇಕು" ಅನ್ನು, ಗಣಿತ ಮೇಷ್ಟ್ರಲ್ವಾ, ಲೆಕ್ಕ ಬರಿಯೋಕೆ ಕೂತ್ರೆ ಮಾತು ತಾನಾಗೇ ಹೊರಡುತ್ತೆ.

ಡಿಜಿಟಲ್ ಅರೆಸ್ಟ್ ಅನ್ನೋದು ನಮ್ ಕಾನೂನಲ್ಲೇ ಇಲ್ಲ. ಯಾವ ಪೊಲೀಸೂ ವಿಡಿಯೋ ಕಾಲಲ್ಲಿ ಅರೆಸ್ಟ್ ಮಾಡಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ರೇಡಿಯೋದಲ್ಲೇ ಇದನ್ನ ಹೇಳಿದ್ರು, ಫೋನ್ ರಿಂಗ್ ಆಗೋ ಬದ್ಲು ಇದೇ ಎಚ್ಚರಿಕೆ ಕೇಳಿ ಕೇಳಿ ನಮಗೆಲ್ಲ ಬಾಯಿಪಾಠ ಆಗಿತ್ತು, ಆದ್ರೂ ಜನ ಬೀಳ್ತಾರೆ. ಯಾಕೆ ಅಂದ್ರೆ ಆ ಕಳ್ಳರು ಹಿಡಿಯೋದು ನಮ್ ಆಸೇನಲ್ಲ, ಹೆದರಿಕೇನ. ನಿಮ್ಮಪ್ಪನಂಥ ಮೇಷ್ಟ್ರು ಜೀವಮಾನದಲ್ಲಿ ಸ್ಟೇಷನ್ ಮೆಟ್ಲು ಹತ್ತಿರಲ್ಲ, ಮರ್ಯಾದೆ ಹೋಗುತ್ತೆ ಅನ್ನೋ ಒಂದೇ ಮಾತಿಗೆ ಕೈಕಾಲು ತಣ್ಣಗಾಗುತ್ತೆ, ಅದರ ಜೊತೆ ಯಾರಿಗೂ ಹೇಳ್ಬೇಡ ಅಂತ ಬಾಗಿಲು ಬೇರೆ ಹಾಕ್ಸಿರ್ತಾರೆ. ಅಮ್ಮ ಒಳಗೆ ಹೋಗಿ "ಏನ್ರೀ ಅದು" ಅಂದಿದ್ರೆ ಅಲ್ಲಿಗೇ ಮುಗೀತಿತ್ತು, ಅದು ಕಳ್ಳರಿಗೂ ಗೊತ್ತು.

ನಾನೇನು ದೊಡ್ಡ ಜಾಣೆ ಅಲ್ಲ. ಎರಡು ವರ್ಷದ ಕೆಳಗೆ "ಕರೆಂಟ್ ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿ ಒಂಬತ್ತೂವರೆಗೆ ಲೈನ್ ಕಟ್ ಮಾಡ್ತೀವಿ, ಈ ನಂಬರಿಗೆ ಫೋನ್ ಮಾಡಿ" ಅಂತ ಮೆಸೇಜ್ ಬಂದಾಗ ಫ್ರಿಜ್‌ನಲ್ಲಿದ್ದ ದೋಸೆಹಿಟ್ಟು ನೆನೆಸ್ಕೊಂಡು ಗಾಬರಿಯಾಗಿ ಫೋನ್ ಮಾಡಿದೋಳು ನಾನು. ಅವ್ನು ಯಾವ್ದೋ ಆ್ಯಪ್ ಹಾಕ್ಕೊಳ್ಳಿ ಅಂದ, ನನ್ ಫೋನಲ್ಲಿ ಜಾಗ ಇರ್ಲಿಲ್ಲ, ಮೊಮ್ಮಗನ ವಿಡಿಯೋ ತುಂಬಿತ್ತು, ಅದೊಂದೇ ನನ್ನನ್ನ ಉಳಿಸಿದ್ದು. ಈ ಕಥೆ ನಿಮ್ಮಪ್ಪಂಗೆ ಓದಿ ಹೇಳು, ಪತ್ರಿಕೇಲಿ ಬರಿಯೋ ಹೆಂಗಸೂ ಹಿಂಗೇ ಅಂತ ನಗ್ಲಿ. ಅಮ್ಮಂಗೆ ಮಾತ್ರ ಬೇರೆ ಫೋನ್ ಮಾಡಿ ಹೇಳ್ಬೇಕು, ಬೈದಿದ್ದು ಸಾಕು, ಸಂಜೆ ಅವ್ರೇ ಚಪ್ಲಿ ಹಾಕ್ಕೊಂಡು ವಾಕಿಂಗ್‌ಗೆ ಬಾಗ್ಲಲ್ಲಿ ನಿಂತ್ಕೊಳ್ಳಲಿ ಅಂತ. ಇನ್ನೂ ಹದಿನೈದು ದಿನ ಕಳೆದ್ರೂ ಊಟ ನಿದ್ದೆ ಸರಿಹೋಗಿಲ್ಲ ಅಂದ್ರೆ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಲಿ, ಬಿಪಿ ಚೆಕ್ ಮಾಡಿಸೋ ನೆಪದಲ್ಲಾದ್ರೂ.

ಅಕ್ಕಾ, ಮಗಳು ಸೆಕೆಂಡ್ ಪಿಯುಸಿ. ಇಡೀ ದಿನ ಕೊರಿಯನ್ ಸೀರಿಯಲ್ಲು, ಕೊರಿಯನ್ ಹಾಡು. ಊಟಕ್ಕೆ ಕರೆದ್ರೆ "ಓಮ್ಮಾ" ಅಂತಾಳೆ, ಮ್ಯಾಗಿನ ಎರಡು ಕಡ್ಡೀಲಿ ತಿಂತಾಳೆ. ಮೊನ್ನೆ ಫ್ರೆಂಡ್ ಹತ್ರ "ಓಪ್ಪಾ, ಓಪ್ಪಾ" ಅಂತ ನಾಚ್ಕೊಂಡು ಮಾತಾಡ್ತಿದ್ಲು, ಯಾರು ಈ ಓಪ್ಪ? ಭಯ ಆಗ್ತಿದೆ. — ತುಮಕೂರು

ಓಪ್ಪ ಅಂದ್ರೆ ಕೊರಿಯನ್‌ನಲ್ಲಿ ಹುಡುಗಿಯರು ಅಣ್ಣನ್ನ ಕರೆಯೋದು. ನಿಟ್ಟುಸಿರು ಬಿಟ್ರಾ? ತಾಳಿ, ಇಷ್ಟಪಡೋ ಹುಡುಗನ್ನೂ ಹಾಗೇ ಕರೀತಾರೆ. ಆದ್ರೆ ಬಹುಶಃ ಅವ್ಳ ಓಪ್ಪ ಸಿಯೋಲ್‌ನಲ್ಲಿ ಪೋಸ್ಟರ್ ಒಳಗೆ ಇದಾನೆ, ತುಮಕೂರಿಗೆ ಬರಲ್ಲ.

ನಾನೂ ಹೀಗೇ ಮೂಗು ಮುರೀತಿದ್ದೆ, ಅಕ್ಕನ ಮೊಮ್ಮಗಳು ಕೂರಿಸಿ ಹೇಳಿಕೊಟ್ಟ ಮೇಲೆ ಸುಮ್ನಾದೆ. ಅವ್ರಲ್ಲೂ ಅಮ್ಮಂಗೆ "ಓಮ್ಮಾ", ಅಪ್ಪಂಗೆ "ಆಪ್ಪಾ". ನಾನು ಅನ್ನೋಕೆ "ನಾ". ವಾಕ್ಯದಲ್ಲಿ ಕ್ರಿಯಾಪದ ಕೊನೇಲಿ, ನಾವು "ನಾನು ಅನ್ನ ತಿಂತೀನಿ" ಅಂದ ಹಾಗೇನೇ ಅವ್ರೂ ನಾನು, ಅನ್ನ, ತಿನ್ನೋದು ಅದೇ ಸಾಲಲ್ಲಿ ಹೇಳ್ತಾರೆ, ಅದಕ್ಕೇ ನಮ್ ಮಕ್ಕಳಿಗೆ ಅಷ್ಟು ಬೇಗ ಬಾಯಿಗೆ ಹತ್ತೋದು. (ಇದನ್ನ ನೋಡಿ ಕೊರಿಯನ್ನು ಕನ್ನಡದಿಂದಾನೇ ಹುಟ್ಟಿದ್ದು ಅಂತ ಫಾರ್ವರ್ಡ್ ಮಾಡ್ಬೇಡಿ ದಯವಿಟ್ಟು.) ದೊಡ್ಡೋರಿಗೆ ಬೇರೆ ಮಾತು, ಚಿಕ್ಕೋರಿಗೆ ಬೇರೆ ಮಾತು, ನಮ್ಮ ನೀನು ನೀವುಗಿಂತ ಕಟ್ಟುನಿಟ್ಟು. ಅವ್ರ ಲಿಪೀನ ಸೇಜಾಂಗ್ ಅನ್ನೋ ರಾಜ 1443ರಲ್ಲಿ ಮಾಡಿಸಿ 1446ರಲ್ಲಿ ಜನಕ್ಕೆ ಕೊಟ್ಟಿದ್ದು, ಈಗ ಮೂಲ ಅಕ್ಷರ 24, ಮನ್ಸಿಟ್ರೆ ಒಂದು ವಾರದಲ್ಲಿ ಕೂಡಿಸಿ ಓದ್ಬಹುದು. ಮಗಳು ಕಲ್ತಿದ್ರೆ ನಿಮ್ಮ ಹೆಸ್ರು ಬರ್ದು ತೋರ್ಸು ಅನ್ನಿ.

ನಿಮ್ಮ ಭಯ ಅರ್ಧ ಕಡ್ಡೀದು, ಅರ್ಧ ಪರೀಕ್ಷೇದು ಅನ್ಸುತ್ತೆ. ಕಡ್ಡಿ ಬಿಟ್ಬಿಡಿ. ರಾತ್ರಿ ಎಷ್ಟೊತ್ತಿಗೆ ಮಲಗ್ತಾಳೆ ಅದನ್ನ ನೋಡಿ. ಈ ಕೊರಿಯನ್ ಸೀರಿಯಲ್‌ನಲ್ಲಿ ಒಂದು ಒಳ್ಳೇದೇನಂದ್ರೆ ಸಾಮಾನ್ಯವಾಗಿ ಹದಿನಾರು ಕಂತಿಗೆ ಮುಗೀತವೆ, ನಾವು ನೋಡೋವು ನಾಯಕಿ ಮಗಳಿಗೆ ಮದ್ವೆ ಆದ್ರೂ ಮುಗಿಯಲ್ಲ, ನೀವು ಸಂಜೆ ಏಳರಿಂದ ಹತ್ತರವರೆಗೆ ಟಿವಿ ಮುಂದೆ ಕೂತು ಅವ್ಳಿಗೆ ಫೋನ್ ಇಡು ಅಂದ್ರೆ ಯಾವ ಬಾಯಲ್ಲಿ ಅಂತೀರ. ಭಾನುವಾರ ಒಂದು ಕಂತು ಅವ್ಳ ಪಕ್ಕ ಕೂತು ನೋಡಿ. ಅತ್ತೆ ಕಾಟ ಅಲ್ಲೂ ಇದೆ, ನಿಮಗೆ ಹಿಡಿಸುತ್ತೆ.

ಮಾವನ ಬಿಳಿ ಪಂಚೆ ಜೊತೆ ನನ್ನ ಹೊಸ ಕೆಂಪು ಬ್ಲೌಸ್ ಮಿಷನ್‌ಗೆ ಹೋಗ್ಬಿಡ್ತು. ಪಂಚೆ ಈಗ ಗುಲಾಬಿ. ಶುಕ್ರವಾರ ಗೃಹಪ್ರವೇಶ ಇದೆ, ಮಾವಂಗೆ ಇನ್ನೂ ಹೇಳಿಲ್ಲ. — ಹಾಸನ

ಒಣಗಿಸ್ಬೇಡ, ಇಸ್ತ್ರಿ ಅಂತೂ ಮುಟ್ಟಿಸ್ಲೇಬೇಡ, ಶಾಖ ಬಿದ್ರೆ ಬಣ್ಣ ಕಚ್ಕೊಳ್ಳುತ್ತೆ. ಒದ್ದೆ ಇರೋವಾಗ್ಲೇ ಪಂಚೆ ಒಂದನ್ನೇ ಸೋಪ್‌ಪುಡೀಲಿ ನೆನೆಸಿ ಎರಡ್ಮೂರು ಸಲ ಒಗಿ. ಹೋಗ್ದಿದ್ರೆ ಬರೀ ಹತ್ತಿ ಬಟ್ಟೆ ಆದ್ರೆ ಬಿಳಿ ಬಟ್ಟೆ ಬ್ಲೀಚ್ ನೀರಲ್ಲಿ ಬೆರೆಸಿ ಸ್ವಲ್ಪ ಹೊತ್ತು ಇಡು, ಜರಿ ಅಂಚಿದ್ರೆ ಬೇಡ. ಗಾಬರೀಲಿ ಬ್ಲೀಚ್ ಜೊತೆ ಬಾತ್‌ರೂಮ್ ತೊಳಿಯೋ ಆ್ಯಸಿಡ್ಡೋ ವಿನಿಗರ್ರೋ ಸೇರಿಸ್ಬೇಡ, ಕ್ಲೋರಿನ್ ಗ್ಯಾಸ್ ಬರುತ್ತೆ, ಪಂಚೆ ಹೋಗಿ ಪ್ರಾಣಕ್ಕೆ ಬರುತ್ತೆ. ಮಾವಂಗೆ ಗುರುವಾರದೊಳಗೆ ಹೇಳ್ಬಿಡು, ಶುಕ್ರವಾರ ಬೆಳಿಗ್ಗೆ ಬೀರು ತೆಗೆದು ಅವ್ರೇ ನೋಡೋದಕ್ಕಿಂತ ವಾಸಿ.

ಹಾಲು ಮಾತ್ರ ಯಾಕೆ ಉಕ್ಕುತ್ತೆ, ನೀರು ಯಾಕೆ ಉಕ್ಕಲ್ಲ? — ಏಳನೇ ಕ್ಲಾಸ್ ಹುಡುಗ, ಮಂಡ್ಯ

ಹಾಲು ಕಾದಾಗ ಮೇಲೆ ಕೆನೆ ಥರ ಪದರ ಕಟ್ಟುತ್ತೆ ಪುಟ್ಟಾ, ಕೆಳಗಿಂದ ಬರೋ ಆವಿ ಗುಳ್ಳೆ ಅದನ್ನ ಒಡೆಯೋಕಾಗ್ದೆ ಎಲ್ಲ ಸೇರಿ ಅದನ್ನೇ ಎತ್ಕೊಂಡು ಮೇಲಕ್ಕೆ ಬರ್ತವೆ. ನೀರಿಗೆ ಆ ಪದರ ಇಲ್ಲ, ಗುಳ್ಳೆ ಒಡೆದು ಹೋಗುತ್ತೆ. ಪಾತ್ರೆ ಮೇಲೆ ಅಡ್ಡ ಒಂದು ಮರದ ಸೌಟಿಟ್ರೆ ಸ್ವಲ್ಪ ತಡೆಯುತ್ತೆ. ಹಾಲು ನೋಡ್ಕೋ ಅಂತ ಅಮ್ಮ ಹೇಳಿದ್ದಾಗ ಈ ಪ್ರಶ್ನೆ ಬಂದಿರ್ಬೇಕು ನಿಂಗೆ, ಸ್ಟೌ ಒರೆಸಿದ್ದು ಯಾರು?

ಪಕ್ಕದ ಮನೆಯವ್ರು ಎರಡು ವರ್ಷದ ಹಿಂದೆ ಒಂದು ಡಬ್ಬೀಲಿ ಚಕ್ಲಿ ಕೊಟ್ರು. ಖಾಲಿ ಡಬ್ಬಿ ವಾಪಸ್ ಕೊಡ್ಬಾರ್ದು ಅಂತ ನಾನು ಕೋಡುಬಳೆ ಹಾಕಿ ಕೊಟ್ಟೆ. ಅವ್ರು ಅದರಲ್ಲಿ ಒಬ್ಬಟ್ಟು, ನಾನು ರವೆಉಂಡೆ. ಇನ್ನೂ ನಡೀತಾನೇ ಇದೆ. ಮಾಡಿ ಮಾಡಿ ಸಾಕಾಗಿದೆ, ನಿಲ್ಸೋದು ಹೇಗೆ? — ಮೈಸೂರು

ಈಗ ಡಬ್ಬಿ ಯಾರ ಮನೇಲಿದೆ? ನಿಮ್ಮನೇಲಿದ್ರೆ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟು, ಮುಚ್ಚಳ ಹುಡುಕ್ತಾ ಇದೀನಿ ಆಮೇಲೆ ಕೊಡ್ತೀನಿ ಅನ್ನಿ. ಮುಚ್ಚಳ ಇಲ್ದಿರೋ ಡಬ್ಬೀಲಿ ಯಾರೂ ಒಬ್ಬಟ್ಟು ಕಳಿಸಲ್ಲ. ಅವ್ರ ಮನೇಲಿದ್ರೆ ಏನೂ ಮಾಡೋಕಾಗಲ್ಲ, ಒಬ್ಬಟ್ಟು ಬರೋವರೆಗೂ ಕಾಯಿರಿ. ಹೆಚ್ಚಾದ್ರೆ ನನ್ನ ವಿಳಾಸ ಪತ್ರಿಕೆ ಆಫೀಸಲ್ಲಿ ಸಿಗುತ್ತೆ.