ಮಧ್ಯಾಹ್ನ ಆಮ್ಲಜನಕ ಭರ್ತಿ, ಬೆಳಿಗ್ಗೆ ಮೀನು ಸಾವು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ಕೊಳಚೆ ಸೇರುವ ಕೆರೆಯೊಂದರ ನೀರು ಪರೀಕ್ಷಿಸುತ್ತಿದ್ದೇನೆ. ಮಧ್ಯಾಹ್ನ ಎರಡಕ್ಕೆ ಕರಗಿದ ಆಮ್ಲಜನಕ ಲೀಟರಿಗೆ 12 ಮಿ.ಗ್ರಾಂ. ಬರುತ್ತದೆ. ಆದರೂ ಬೆಳಿಗ್ಗೆ ಮೀನು ಸತ್ತು ತೇಲುತ್ತವೆ. ಆಮ್ಲಜನಕವನ್ನು ರಾಸಾಯನಿಕಗಳಿಂದ ಅಳೆಯುವ ವಿಂಕ್ಲರ್ ವಿಧಾನದಲ್ಲಿ ಎಡವುತ್ತಿದ್ದೇನೆಯೇ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಎಡವಿರುವುದು ಹೊತ್ತಿನಲ್ಲಿ. 28 ಡಿಗ್ರಿಯ ನೀರಿಗೆ ಗಾಳಿಯಿಂದ ದಕ್ಕುವುದು ಸಮುದ್ರಮಟ್ಟದಲ್ಲಿ 7.8 ಮಿ.ಗ್ರಾಂ.; ಮೈಸೂರಿನ ಎತ್ತರದಲ್ಲಿ 7ರ ಆಸುಪಾಸು. ಅದಕ್ಕಿಂತ ಹೆಚ್ಚಿನದೆಲ್ಲ ಪಾಚಿ ಬಿಸಿಲಲ್ಲಿ ತಯಾರಿಸಿದ್ದು. ಕತ್ತಲಾದ ಮೇಲೆ ಅದೇ ಪಾಚಿ, ಜೊತೆಗೆ ಕೊಳಚೆ ತಿನ್ನುವ ಬ್ಯಾಕ್ಟೀರಿಯಾ, ಆಮ್ಲಜನಕ ಹೀರುತ್ತವೆ. ಸೂರ್ಯೋದಯಕ್ಕೆ ತುಸು ಮುಂಚೆ ಅದರ ಮಟ್ಟ ತೀರಾ ಕೆಳಗಿಳಿದಿರುತ್ತದೆ. ಹಾಗಾಗಿ 24 ಗಂಟೆ, ಮೂರು ಗಂಟೆಗೊಮ್ಮೆ, ಮೇಲ್ಪದರ ಮತ್ತು ತಳ ಎರಡರಲ್ಲೂ ಅಳೆಯಿರಿ. ವಾರಕ್ಕೊಂದು ಮಧ್ಯಾಹ್ನದ ಅಂಕಿಯಿಂದ ಕೆರೆಯ ಆರೋಗ್ಯ ಹೇಳಲಾಗದು, ಎಷ್ಟೋ ಪ್ರಬಂಧಗಳು ಹೇಳುತ್ತವೆ ನಿಜ. ಮಧ್ಯಾಹ್ನದ ಪಿಎಚ್ (ನೀರಿನ ಆಮ್ಲ–ಕ್ಷಾರ ಮಟ್ಟ) ಕೂಡ ಬರೆದಿಡಿ: ಅದು 9 ದಾಟಿದರೆ ನೀರಿನ ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು ಏರುತ್ತದೆ, ಮೀನಿಗೆ ಅದೂ ಮಾರಕ.

ಇನ್ನು ವಿಧಾನ. 300 ಮಿ.ಲೀ. ಬಿಓಡಿ ಬಾಟಲಿಗೆ (ಗಾಳಿ ಸೇರದಂತೆ ಮುಚ್ಚುವ ಗಾಜಿನ ಬಾಟಲಿ) ಕೊಳವೆಯನ್ನು ತಳದವರೆಗೆ ಇಳಿಸಿ, ಎರಡು–ಮೂರು ಬಾಟಲಿಯಷ್ಟು ನೀರು ಉಕ್ಕಿ ಹರಿಯಲು ಬಿಡಿ. ಗುಳ್ಳೆಯೊಂದು ಉಳಿದರೂ ಅಂಕಿ ಸುಳ್ಳಾಗುತ್ತದೆ, ಬೆಳಗಿನ ಕಡಿಮೆ ಆಮ್ಲಜನಕದ ನೀರಿನಲ್ಲಂತೂ ಖಂಡಿತ. ಮ್ಯಾಂಗನೀಸ್ ಸಲ್ಫೇಟ್ 2 ಮಿ.ಲೀ., ಕ್ಷಾರ-ಅಯೋಡೈಡ್-ಅಝೈಡ್ 2 ಮಿ.ಲೀ. ಹಾಕಿ ಮುಚ್ಚಿ ತಿರುವಿ. ಗಸಿ ಕಂದಾಗಿದ್ದರೆ ಆಮ್ಲಜನಕವಿದೆ, ಬೆಳ್ಳಗಿದ್ದರೆ ಇಲ್ಲ. ಇಷ್ಟನ್ನು ಕೆರೆದಡದಲ್ಲೇ ಮುಗಿಸಿ. ಗಸಿ ಇಳಿದ ಮೇಲೆ ಸಾಂದ್ರ ಗಂಧಕಾಮ್ಲ 2 ಮಿ.ಲೀ. ಹಾಕಿ ಕರಗಿಸಿ, 203 ಮಿ.ಲೀ. ತೆಗೆದು 0.025 ನಾರ್ಮಲ್ ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡಿ, ಅಂದರೆ ಹನಿಹನಿಯಾಗಿ ಸೇರಿಸುತ್ತಾ ಎಷ್ಟು ಖರ್ಚಾಯಿತೆಂದು ಅಳೆಯಿರಿ. ಸ್ಟಾರ್ಚನ್ನು ಬಣ್ಣ ತೆಳು ಹಳದಿಗೆ ಇಳಿದ ಮೇಲಷ್ಟೇ ಸೇರಿಸಿ; ಆಗ ಬರುವ ನೀಲಿ ಹೋದೊಡನೆ ನಿಲ್ಲಿಸಿ. ಖರ್ಚಾದ ಪ್ರತಿ ಮಿ.ಲೀ.ಗೆ ಲೀಟರಿಗೆ 1 ಮಿ.ಗ್ರಾಂ. ಆಮ್ಲಜನಕ. ನೀಲಿ ಹೋದದ್ದು ತಕ್ಷಣ ಮರಳಿ ಬಂದರೆ ನೈಟ್ರೈಟ್ ಕೈವಾಡ: ಅದನ್ನು ತಡೆಯಬೇಕಾದ ಅಝೈಡ್ ಹಳಸಿದೆ ಅಥವಾ ಸಾಲದಾಗಿದೆ. ಥಯೋಸಲ್ಫೇಟ್ ಇಟ್ಟಲ್ಲೇ ಸಾಮರ್ಥ್ಯ ಕಳೆದುಕೊಳ್ಳುತ್ತದೆ. ಆಗ ಅಂಕಿ ಹೆಚ್ಚೇ ಬರುತ್ತದೆ. ಪ್ರತಿ ಸರಣಿಗೂ ಮುಂಚೆ ಅದರ ನಿಜವಾದ ಸಾಮರ್ಥ್ಯವನ್ನು ಪರೀಕ್ಷಿಸಿ ಪ್ರಮಾಣೀಕರಿಸಿ. ಅಝೈಡ್ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ, ತಾಮ್ರ–ಸೀಸದ ಪೈಪಿನಲ್ಲಿ ಸ್ಫೋಟಕ ಸಂಯುಕ್ತವಾಗುತ್ತದೆ.

ಪ್ರಶ್ನೆ: ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯಲು ಇಳಿಬಿಡುವ ಸೆಕಿ ತಟ್ಟೆಯ ಓದು ಒಬ್ಬೊಬ್ಬರಿಗೆ ಒಂದೊಂದು ಬರುತ್ತದೆ, ಏಕೆ?
– ಸಂಶೋಧಕ, ಶಿವಮೊಗ್ಗ

ಉತ್ತರ: ನೀರಿನ ಮೇಲಿನ ಹೊಳಪು ಮುಖ್ಯ ಕಾರಣ. 20 ಸೆಂ.ಮೀ. ತಟ್ಟೆಯನ್ನು ದೋಣಿಯ ನೆರಳಿನ ಬದಿಯಲ್ಲಿ, ಹತ್ತರಿಂದ ಎರಡರೊಳಗೆ ಇಳಿಸಿ. ಮರೆಯಾದ ಆಳ, ಎತ್ತುವಾಗ ಮತ್ತೆ ಕಂಡ ಆಳ, ಇವೆರಡರ ಸರಾಸರಿ ಬರೆದುಕೊಳ್ಳಿ. ತಂಪು ಕನ್ನಡಕ ಬೇಡ. ಹಗ್ಗ ನೆನೆದು ಹಿಗ್ಗುವಂಥದಾದರೆ ಗುರುತುಗಳನ್ನು ಒದ್ದೆಯಿದ್ದಾಗಲೇ ಹಾಕಿ.