ಓದುಗರ ಪ್ರಶ್ನೆ: ಖಾನ್, ಪಿಕಾರ್ಡ್ ಮತ್ತು ಬಿಳಿ ತಿಮಿಂಗಿಲ

ಈ ಸಲ ಕರಾವಳಿಯ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಬಾಹ್ಯಾಕಾಶ ಸಾಹಸದ ಕತೆಗಳ ಕುರಿತವು. 1966ರಿಂದ 1969ರ ತನಕ 79 ಕಂತುಗಳಲ್ಲಿ ಬಂದ ಮೊದಲ ಧಾರಾವಾಹಿ, ಆಮೇಲಿನ ಹತ್ತಾರು ವರ್ಷಗಳ ಧಾರಾವಾಹಿಗಳು, 1979ರಿಂದ 2016ರೊಳಗೆ ಚಿತ್ರಮಂದಿರಕ್ಕೆ ಬಂದ 13 ಸಿನಿಮಾಗಳು. ಹೋಲಿಕೆಗೆ ಸರಕು ಬೇಕಾದಷ್ಟಿದೆ. ಉತ್ತರಗಳಲ್ಲಿ ಕತೆಯ ಕೊನೆಯನ್ನು ಮುಚ್ಚಿಟ್ಟಿಲ್ಲ. ನೋಡದವರು ನೋಡಿಕೊಂಡು ಬನ್ನಿ.

ಪ್ರಶ್ನೆ: ಊಟಕ್ಕೆ ಕೂತರೆ ನಮ್ಮಲ್ಲಿ ಇದೇ ಜಗಳ. ಅಣ್ಣನಿಗೆ ಮೊದಲ ಧಾರಾವಾಹಿಯ ಹಡಗಿನ ಕ್ಯಾಪ್ಟನ್ ಕರ್ಕ್, ನನಗೆ 1987ರ ಧಾರಾವಾಹಿಯ ಕ್ಯಾಪ್ಟನ್ ಪಿಕಾರ್ಡ್. ಇವರಿಬ್ಬರನ್ನು ಹೋಲಿಸುವುದು ಹೇಗೆ ಮಾರಾಯ್ರೆ? (ಕದ್ರಿ, ಮಂಗಳೂರು)

ಉತ್ತರ: ಯಾರು ಯಾರನ್ನು ಸೋಲಿಸುತ್ತಾರೆ ಎಂದು ಹೊರಟರೆ ಅನ್ನ ತಣಿಯುತ್ತದೆ, ಜಗಳ ತಣಿಯುವುದಿಲ್ಲ. ‘ಕರ್ಣಭೇದನ’ದ ತಾಳಮದ್ದಳೆ ಕೇಳಿದವರಿಗೆ ಇದರ ಮದ್ದು ಗೊತ್ತು. ಪದ್ಯ ಅದೇ, ಕೃಷ್ಣ ಒಡ್ಡುವ ಆಮಿಷವೂ ಅದೇ. ಈ ಅರ್ಥಧಾರಿಯ ಕರ್ಣ ಅದಕ್ಕೇನು ಹೇಳಿದ, ಆ ಅರ್ಥಧಾರಿಯ ಕರ್ಣ ಏನು ಹೇಳಿದ ಎಂದು ತೂಗುತ್ತೇವೆ. ಇಲ್ಲೂ ಒಂದೇ ಸಂಕಟ ಇಬ್ಬರಿಗೆ ಬಂದ ಜಾಗವನ್ನು ಹುಡುಕಬೇಕು.

ಪಿಕಾರ್ಡ್‌ಗೆ ಆ ಜಾಗ 1996ರ ‘ಫಸ್ಟ್ ಕಾಂಟ್ಯಾಕ್ಟ್’. ಆದರೆ ಅಲ್ಲಿ ಅವನ ಜೋಡಿ ಕರ್ಕ್ ಅಲ್ಲ, 1982ರ ‘ದ ರಾತ್ ಆಫ್ ಖಾನ್’ನ ಖಳ ಖಾನ್! 1967ರ ‘ಸ್ಪೇಸ್ ಸೀಡ್’ ಕಂತಿನಲ್ಲಿ ಕರ್ಕ್ ಇವನನ್ನೂ ಇವನ ಜನರನ್ನೂ ಒಂದು ಗ್ರಹದಲ್ಲಿ ಬಿಟ್ಟು ಹೋಗುತ್ತಾನೆ. ಆರೇ ತಿಂಗಳಲ್ಲಿ ಪಕ್ಕದ ಗ್ರಹ ಸಿಡಿದು ಇವರದ್ದು ಮರಳುಗಾಡಾಗುತ್ತದೆ. ಖಾನ್‌ನ ಹೆಂಡತಿ ಸಾಯುತ್ತಾಳೆ. 15 ವರ್ಷ ಒಬ್ಬರೂ ಬಂದು ವಿಚಾರಿಸುವುದಿಲ್ಲ. ಸಿಟ್ಟಿಗೆ ನ್ಯಾಯವಾದ ಕಾರಣವಿದೆ, ಅದಕ್ಕೇ ಈ ಖಳ ಇನ್ನೂ ಹಳತಾಗಿಲ್ಲ. ಪಿಕಾರ್ಡ್‌ದ್ದೂ ಕಡಿಮೆ ಗಾಯವಲ್ಲ. 1990ರ ಎರಡು ಕಂತುಗಳಲ್ಲಿ ಬೋರ್ಗ್ ಎಂಬ ಅರೆಯಂತ್ರ ಜೀವಿಗಳು ಅವನನ್ನು ಹಿಡಿದು ತಮ್ಮಲ್ಲೊಬ್ಬನನ್ನಾಗಿ ಮಾಡಿ, ಅವನ ತಲೆಯೊಳಗಿನ ತಿಳಿವಳಿಕೆಯನ್ನೇ ಬಳಸಿ ಅವನ ಕಡೆಯ 39 ಹಡಗುಗಳನ್ನು ನಾಶಮಾಡಿದವು.

ಎರಡು ಸಿನಿಮಾಗಳೂ ಒಂದೇ ಹಳೆಯ ಕಾದಂಬರಿಯ ಮೊರೆ ಹೋಗುತ್ತವೆ: ಮೆಲ್ವಿಲ್‌ನ 1851ರ ‘ಮೋಬಿ ಡಿಕ್’. ಕಾಲು ಕಿತ್ತ ಬಿಳಿ ತಿಮಿಂಗಿಲದ ಬೆನ್ನು ಹತ್ತಿ ಹಡಗನ್ನೂ ಜನರನ್ನೂ ಮುಳುಗಿಸುವ ಏಹಾಬ್‌ನ ಕತೆ ಅದು. ‘ನೀವು ಗೆದ್ದಾಗಿದೆ, ಇನ್ನು ಹೋಗೋಣ’ ಎಂದು ಬಂಟ ಯೋಕಿಮ್ ಹೇಳುತ್ತಾನೆ. ಖಾನ್ ಕೇಳುವುದಿಲ್ಲ, ಏಹಾಬ್‌ನ ಮಾತು ಹೇಳುತ್ತಲೇ ಸಾಯುತ್ತಾನೆ. ‘ಫಸ್ಟ್ ಕಾಂಟ್ಯಾಕ್ಟ್’ನಲ್ಲಿ ಲಿಲಿ ಎಂಬ ಹೆಂಗಸು ಪಿಕಾರ್ಡ್‌ನನ್ನು ಮುಖಕ್ಕೇ ‘ಏಹಾಬ್’ ಎನ್ನುತ್ತಾಳೆ. ಅವನು ಪುಟ್ಟ ಹಡಗುಗಳಿದ್ದ ಗಾಜಿನ ಪೆಟ್ಟಿಗೆ ಒಡೆಯುತ್ತಾನೆ, ಆಮೇಲೆ ಸುಮ್ಮನಾಗಿ ಆ ಕಾದಂಬರಿಯ ಸಾಲನ್ನೇ ತಾನು ಹೇಳಿ, ಎಲ್ಲರೂ ಹಡಗು ತೊರೆಯಲು ಆದೇಶ ಕೊಡುತ್ತಾನೆ. ಅಂದರೆ ಒಂದೇ ಬುದ್ಧಿಮಾತು ಇಬ್ಬರಿಗೂ ಬಂತು, ಒಬ್ಬ ಕೇಳಿದ. ಟಿವಿಯ ಪಿಕಾರ್ಡ್ ಹೀಗೆ ಬಂದೂಕು ಹಿಡಿದು ಕಿರುಚುವವನಲ್ಲ ಎಂಬ ಆಕ್ಷೇಪ ಉಂಟು, ಅರ್ಧ ನಿಜ ಕೂಡ. ಉಳಿದರ್ಧಕ್ಕೆ 1990ರ ‘ಫ್ಯಾಮಿಲಿ’ ಕಂತು ನೋಡಿ: ಅಣ್ಣನ ದ್ರಾಕ್ಷಿ ತೋಟದ ಕೆಸರಲ್ಲಿ ಕೂತು ಅವನು ಅಳುವುದು ಇದೇ ಗಾಯಕ್ಕೆ.

ಕರ್ಕ್‌ಗೆ ಬರುವ ಪರೀಕ್ಷೆ ಸೇಡಿನದಲ್ಲ, ಸೋಲಿನದು. ಗೆಲ್ಲಲಾಗದ ‘ಕೋಬಯಾಶಿ ಮಾರು’ ಪರೀಕ್ಷೆಯನ್ನು ಅವನು ಮೂರನೇ ಸಲ ಗೆದ್ದದ್ದು ಕಂಪ್ಯೂಟರ್‌ನ ಪ್ರೋಗ್ರಾಂ ತಿದ್ದಿ. 1982ರಲ್ಲಿ ಆ ಜಾಣತನದ ಬಿಲ್ಲು ಬರುತ್ತದೆ. ಎದುರಿನ ಹಡಗು ಉತ್ತರ ಕೊಡದಿದ್ದಾಗ ರಕ್ಷಾಕವಚ ಏರಿಸಬೇಕೆಂದು ಕಿರಿಯ ಅಧಿಕಾರಿ ಸಾವಿಕ್ ನಿಯಮ ನೆನಪಿಸಿದರೂ ಕರ್ಕ್ ಏರಿಸುವುದಿಲ್ಲ, ಹೊಡೆತ ತಿನ್ನುತ್ತಾನೆ. 16309 ಎಂಬ ಗುಪ್ತಸಂಖ್ಯೆಯಿಂದ ಖಾನ್‌ನ ಹಡಗಿನ ಕವಚ ಇಳಿಸಿ ಬಚಾವಾಗುತ್ತಾನಾದರೂ ಕೊನೆಗೆ ತೆರುವುದು ಗೆಳೆಯ ಸ್ಪಾಕ್‌ನ ಜೀವವನ್ನು. ಅಣ್ಣನಿಗೆ ಹೇಳಿ: ಕರ್ಕ್ ದೊಡ್ಡವನಾಗುವುದು ಗೆದ್ದ ಕಂತುಗಳಲ್ಲಿ ಅಲ್ಲ, ಈ ಸಿನಿಮಾದಲ್ಲಿ.

ಪ್ರಶ್ನೆ: 1982ರಲ್ಲಿ ಸ್ಪಾಕ್ ಸಾಯುವಾಗ ಕಣ್ಣು ತುಂಬುತ್ತದೆ. 2013ರ ‘ಇನ್‌ಟು ಡಾರ್ಕ್‌ನೆಸ್’ನಲ್ಲಿ ಅದೇ ದೃಶ್ಯ ತಿರುಗಿಸಿ ಇಟ್ಟಿದ್ದಾರೆ, ಎಂತದ್ದೂ ಆಗುವುದಿಲ್ಲ. ಯಾಕೆ? (ಮಣಿಪಾಲ)

ಉತ್ತರ: ಮೊದಲನೆಯದು ಕಾಲ. 1982ರಲ್ಲಿ ಗಾಜಿನ ಆಚೆ ಈಚೆ ಕೈಯಿಟ್ಟ ಇಬ್ಬರನ್ನು ಪ್ರೇಕ್ಷಕರು 16 ವರ್ಷದಿಂದ ನೋಡಿದ್ದರು. 2013ರ ಕರ್ಕ್, ಸ್ಪಾಕ್ ಜೋಡಿಗೆ ಇದು ಎರಡನೇ ಸಿನಿಮಾ. ಮೊದಲನೆಯದರಲ್ಲಿ ಹೆಚ್ಚು ಹೊತ್ತು ಅವರು ಜಗಳವಾಡಿಕೊಂಡೇ ಇದ್ದರು. ಎರಡನೆಯದು ಬೆಲೆ. ಸ್ಪಾಕ್ ಮರಳಿ ಬರಲು 1984ರ ಇಡೀ ಒಂದು ಸಿನಿಮಾ ಬೇಕಾಯಿತು, ಅದರಲ್ಲಿ ಕರ್ಕ್ ಮಗನನ್ನೂ ಹಡಗನ್ನೂ ಕಳೆದುಕೊಂಡ. 2013ರಲ್ಲಿ ಖಾನ್‌ನ ರಕ್ತ ಕೊಟ್ಟು ಅದೇ ಸಿನಿಮಾದೊಳಗೆ ಕರ್ಕ್‌ನನ್ನು ಎಬ್ಬಿಸುತ್ತಾರೆ. 2002ರ ‘ನೆಮೆಸಿಸ್’ನಲ್ಲಿ ಪಿಕಾರ್ಡ್‌ನ ಹಡಗಿನ ಯಂತ್ರಮಾನವ ಡೇಟಾ ಸಾಯುವುದೂ ಇದೇ ಅಚ್ಚಿನದು. ಅಲ್ಲಿ 15 ವರ್ಷದ ಒಡನಾಟವಿತ್ತು. ಆದರೆ ಡೇಟಾನನ್ನೇ ಹೋಲುವ ಇನ್ನೊಂದು ಯಂತ್ರಮಾನವನನ್ನು ಮೊದಲೇ ತಂದು ಕೂರಿಸಿ ದುಃಖಕ್ಕೆ ನೀರು ಬೆರೆಸಿದರು.

ಇನ್ನೊಂದು ಮಾತು. ‘ಸ್ಪೇಸ್ ಸೀಡ್’ನಲ್ಲಿ ಖಾನ್ ನೂನಿಯನ್ ಸಿಂಗ್ ಉತ್ತರ ಭಾರತದವನು, ಬಹುಶಃ ಸಿಖ್ ಎಂದು ಹಡಗಿನ ಇತಿಹಾಸಕಾರ್ತಿ ಹೇಳುತ್ತಾಳೆ. ಪಾತ್ರ ಮಾಡಿದವರು ಒಮ್ಮೆ ಮೆಕ್ಸಿಕೋದ ರಿಕಾರ್ಡೊ ಮೊಂಟಲ್ಬಾನ್, ಇನ್ನೊಮ್ಮೆ ಇಂಗ್ಲೆಂಡಿನ ಬೆನೆಡಿಕ್ಟ್ ಕಂಬರ್‌ಬ್ಯಾಚ್. ಎರಡು ಸಲವೂ ಒಬ್ಬ ಭಾರತೀಯ ನಟ ಸಿಗಲಿಲ್ಲ!

ಪ್ರಶ್ನೆ: ಸರಣಿಯಲ್ಲಿ ಸಮಸಂಖ್ಯೆಯ ಸಿನಿಮಾ ಒಳ್ಳೆಯದು, ಬೆಸಸಂಖ್ಯೆಯದ್ದು ಕೆಟ್ಟದ್ದು ಎನ್ನುತ್ತಾರಲ್ಲ, ಹೌದೇ? (ಸುರತ್ಕಲ್)

ಉತ್ತರ: 9ರ ತನಕ ಹೆಚ್ಚುಕಡಿಮೆ ಹೊಂದುತ್ತದೆ. 10ನೆಯದಾದ ‘ನೆಮೆಸಿಸ್’ ಗಲ್ಲಾಪೆಟ್ಟಿಗೆಯಲ್ಲಿ ಮಕಾಡೆ ಮಲಗಿತು, 11ನೆಯದಾದ 2009ರ ಚಿತ್ರ ಗೆದ್ದಿತು, ಅಲ್ಲಿಗೆ ಸೂತ್ರ ಹರಿಯಿತು. ಮೊದಲ ಎರಡರ ಅಂತರಕ್ಕೆ ಸಂಖ್ಯೆಗಿಂತ ಹಣ ಕಾರಣ. 1979ರ ‘ದ ಮೋಷನ್ ಪಿಕ್ಚರ್’ಗೆ ನಾಲ್ಕು ಕೋಟಿ ಡಾಲರಿಗೂ ಮೇಲೆ ಹೋಯಿತು; ದುಡ್ಡೆಲ್ಲ ಹಡಗನ್ನು ಸುತ್ತಿ ಸುತ್ತಿ ತೋರಿಸುವುದರಲ್ಲಿ ಕಾಣುತ್ತದೆ. (ಮಿಸ್ ಇಂಡಿಯಾ ಆಗಿದ್ದ ಮುಂಬಯಿಯ ಪರ್ಸಿಸ್ ಖಂಬಾಟಾ ತಲೆ ಬೋಳಿಸಿ ನಟಿಸಿದ್ದು ಇದರಲ್ಲೇ.) ಮುಂದಿನದ್ದಕ್ಕೆ ಸಿಕ್ಕಿದ್ದು ಸುಮಾರು 1.2 ಕೋಟಿ. ಹಾಗಾಗಿ ಹಳೆಯ ಚಿತ್ರದ ಹಡಗಿನ ತುಣುಕುಗಳನ್ನೇ ಮತ್ತೆ ಹಾಕಿದರು, ಒಂದೇ ಸೆಟ್ಟನ್ನು ಮಾರ್ಪಡಿಸಿ ಎರಡು ಹಡಗು ಮಾಡಿದರು. ಕರ್ಕ್ ಮತ್ತು ಖಾನ್ ಇಡೀ ಸಿನಿಮಾದಲ್ಲಿ ಒಮ್ಮೆಯೂ ಮುಖಾಮುಖಿ ಆಗುವುದಿಲ್ಲ, ಪರದೆಯಲ್ಲೇ ಮಾತು. ಕೈ ಬಿಗಿಯಾದಾಗ ಮಾತಿಗೆ ತೂಕ ಬಂತು.

ಪ್ರಶ್ನೆ: ‘ದ ರಾತ್ ಆಫ್ ಖಾನ್’ 113 ನಿಮಿಷ ಎಂದು ಎಲ್ಲ ಕಡೆ ಇದೆ. ನನ್ನ ಹಳೆಯ ಡಿವಿಡಿ ಸುಮಾರು 108 ನಿಮಿಷಕ್ಕೇ ಮುಗಿಯುತ್ತದೆ. ಸೆನ್ಸಾರ್ ಕತ್ತರಿಯೇ? (ಉಡುಪಿ)

ಉತ್ತರ: ಕತ್ತರಿ ಇರಲಿಕ್ಕಿಲ್ಲ, ವೇಗ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಡಿವಿಡಿ 25 ಓಡಿಸುತ್ತದೆ. 113ನ್ನು 24ರಿಂದ ಗುಣಿಸಿ 25ರಿಂದ ಭಾಗಿಸಿ, 108.5 ಬಂತು. ಧ್ವನಿಯ ಶ್ರುತಿಯನ್ನು ಸರಿಪಡಿಸದಿದ್ದರೆ ಅದೂ ಹಾರ್ಮೋನಿಯಂನ ಒಂದು ಮನೆಗಿಂತ ತುಸು ಕಡಿಮೆ ಮೇಲೇರಿರುತ್ತದೆ. ಪರೀಕ್ಷೆ ಸುಲಭ: 113 ನಿಮಿಷದ ಪ್ರತಿಯಲ್ಲಿ 50ನೇ ನಿಮಿಷಕ್ಕೆ ಬರುವ ದೃಶ್ಯ ನಿಮ್ಮದರಲ್ಲಿ 48ಕ್ಕೆ, 100ರದ್ದು 96ಕ್ಕೆ ಬಂದರೆ ವೇಗವೇ ಕಾರಣ. ಒಂದು ಜಾಗದ ತನಕ ಸರಿಯಿದ್ದು ತಟಕ್ಕನೆ ಹಿಂದೆ ಮುಂದೆ ಆದರೆ ಮಾತ್ರ ಕತ್ತರಿ. ನಿರ್ದೇಶಕರ ಆವೃತ್ತಿ ಬೇರೆಯೇ ಇದೆ, ಅದು 116 ನಿಮಿಷ; ಹೋಲಿಸುವಾಗ ಅದನ್ನು ಬೆರೆಸಬೇಡಿ.

ಪ್ರಶ್ನೆ: ಮೂರು ಶನಿವಾರ ಅಕ್ಕನ ಮಕ್ಕಳೊಟ್ಟಿಗೆ ನೋಡಬೇಕು. ಎಲ್ಲಿಂದ ಶುರು? (ಬ್ರಹ್ಮಾವರ)

ಉತ್ತರ: 1979ರದ್ದರಿಂದ ಬೇಡ, 132 ನಿಮಿಷ ಮಕ್ಕಳು ಕೂರುವುದಿಲ್ಲ. ಮೊದಲ ವಾರ ‘ಸ್ಪೇಸ್ ಸೀಡ್’ (50 ನಿಮಿಷ), ಚಹಾ, ಆಮೇಲೆ ‘ದ ರಾತ್ ಆಫ್ ಖಾನ್’. ಕಿವಿಯೊಳಗೆ ಹುಳ ಬಿಡುವ ದೃಶ್ಯವೊಂದಿದೆ, ಸಣ್ಣವರನ್ನು ಆಗ ಎಂತಾದರೂ ತರಲು ಅಡಿಗೆ ಮನೆಗೆ ಕಳಿಸಿ. ಕರ್ಕ್‌ನ ಹಡಗಿನಲ್ಲಿದ್ದ ಅಧಿಕಾರಿ ಚೆಕೊವ್‌ನ ಗುರುತನ್ನು ಖಾನ್ ಹಿಡಿಯುವಾಗ ಮಕ್ಕಳಲ್ಲೊಬ್ಬರು ಕೇಳಿಯೇ ಕೇಳುತ್ತಾರೆ, ‘ಅವನು ಆ ಕಂತಿನಲ್ಲಿ ಇರಲಿಲ್ಲವಲ್ಲ?’ ಇರಲಿಲ್ಲ. ಆ ನಟ ಸೇರಿದ್ದು ಮುಂದಿನ ಸೀಸನ್‌ನಲ್ಲಿ. ಎರಡನೇ ವಾರ 1984ರ ‘ದ ಸರ್ಚ್ ಫಾರ್ ಸ್ಪಾಕ್’ (105) ಮತ್ತು 1986ರ ‘ದ ವಾಯೇಜ್ ಹೋಮ್’ (119). ಎರಡೂ ಸೇರಿ ಪೌಣೇ ನಾಲ್ಕು ಗಂಟೆ, ಆದ್ದರಿಂದ ನಾಲ್ಕಕ್ಕೇ ಕೂರಿ. 1986ರದ್ದರಲ್ಲಿ ನಿಜವಾದ ತಿಮಿಂಗಿಲಗಳೇ ಇವೆ, ನಗುವೂ ಇದೆ, ಮಕ್ಕಳಿಗೆ ಅದೇ ಹಿಡಿಸುವುದು. ಮೂರನೇ ವಾರ ಬೋರ್ಗ್‌ನ ಆ ಎರಡು ಕಂತು, ‘ದ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್’ (ತಲಾ 45), ಮೇಲೆ ‘ಫಸ್ಟ್ ಕಾಂಟ್ಯಾಕ್ಟ್’ (111). ಕರೆಂಟು ಹೋದರೆ ಟಿವಿ ಇನ್ವರ್ಟರ್‌ನಲ್ಲಿ ಉಳಿದು ವೈಫೈ ರೂಟರ್ ಆರುವುದು ಮಾಮೂಲು. ಅದನ್ನೂ ಇನ್ವರ್ಟರ್ ಪ್ಲಗ್ಗಿಗೇ ಹಾಕಿಡಿ.

ಪ್ರಶ್ನೆ: ಕರ್ಕ್‌ನ ವಾರ್ಪ್ 8 ಮತ್ತು ಪಿಕಾರ್ಡ್‌ನ ವಾರ್ಪ್ 8 ಒಂದೇ ವೇಗವೇ? (ಕಾಪು)

ಉತ್ತರ: ಅಲ್ಲ. ವಾರ್ಪ್ ಎಂದರೆ ಈ ಹಡಗುಗಳು ಬೆಳಕಿಗಿಂತ ಎಷ್ಟು ವೇಗವಾಗಿ ಓಡುತ್ತವೆ ಎಂದು ಹೇಳುವ ಅಳತೆ. ಹಳೆಯ ಲೆಕ್ಕದಲ್ಲಿ ಸಂಖ್ಯೆಯ ಘನ: 8×8×8, ಬೆಳಕಿನ 512 ಪಟ್ಟು. 1987ರ ನಂತರದ ಲೆಕ್ಕದಲ್ಲಿ 9ರ ತನಕ ಘಾತ 3 ಅಲ್ಲ, ಮೂರನೇ ಹತ್ತು ಭಾಗ, ಅಂದರೆ 3.33, 8ಕ್ಕೆ 1024 ಪಟ್ಟು, ಸರಿಯಾಗಿ ಎರಡರಷ್ಟು. 10 ಎಂದರೆ ಅನಂತ ವೇಗ, ಅಲ್ಲಿಗೆ ಯಾರೂ ಮುಟ್ಟಬಾರದು. ಹಳೆಯ ಕಂತೊಂದರಲ್ಲಿ ಹಡಗು 14 ದಾಟುವುದು ಅದಕ್ಕೇ ವಿಚಿತ್ರವಾಗಿ ಕಾಣುತ್ತದೆ. 4.37 ಜ್ಯೋತಿರ್ವರ್ಷ ದೂರದ ಆಲ್ಫಾ ಸೆಂಟಾರಿಗೆ ಕರ್ಕ್‌ನ ವಾರ್ಪ್ 8ರಲ್ಲಿ ಮೂರು ದಿನ ಚಿಲ್ಲರೆ, ಪಿಕಾರ್ಡ್‌ನದ್ದರಲ್ಲಿ ಒಂದೂವರೆ. ಇದೇ ಸರಣಿಯ ‘ವಾಯೇಜರ್’ ಧಾರಾವಾಹಿಯಲ್ಲಿ ಹಡಗು ಮನೆಗೆ ಮರಳುವ ದಾರಿ 70,000 ಜ್ಯೋತಿರ್ವರ್ಷ, 75 ವರ್ಷ ಎಂಬ ಲೆಕ್ಕ ಹಿಡಿದರೆ ಸರಾಸರಿ 933 ಪಟ್ಟು, ಹೊಸ ಲೆಕ್ಕದ ವಾರ್ಪ್ 7.8. ಆದರೆ ಕತೆಗೆ ಅವಸರವಾದಾಗ ಬರೆಯುವವರು ಈ ಸೂತ್ರವನ್ನು ಅಟ್ಟಕ್ಕೆ ಹಾಕುತ್ತಾರೆ, ಪ್ರತಿ ಕಂತಿಗೂ ಕ್ಯಾಲ್ಕುಲೇಟರ್ ಹಿಡಿಯಬೇಡಿ.

ಪ್ರಶ್ನೆ: 1966ರ ಧಾರಾವಾಹಿ ಟಿವಿಯಲ್ಲಿ ಚೂಪಾಗಿ ಕಾಣುತ್ತದೆ, 1995ರ ‘ವಾಯೇಜರ್’ ಮಸುಕು. ಟಿವಿ ಹಾಳೇ? (ಕಾರ್ಕಳ)

ಉತ್ತರ: ಟಿವಿ ಸರಿ ಇದೆ. ಹಳೆಯದನ್ನು ಚಿತ್ರೀಕರಿಸಿ ಸಂಕಲಿಸಿದ್ದು ಫಿಲ್ಮಿನಲ್ಲೇ, ಮತ್ತೆ ಸ್ಕ್ಯಾನ್ ಮಾಡಿದರೆ ವಿವರ ಸಿಗುತ್ತದೆ. ‘ವಾಯೇಜರ್’ ಫಿಲ್ಮಿನಲ್ಲಿ ತೆಗೆದರೂ ಸಂಕಲನ, ಹಡಗಿನ ದೃಶ್ಯಗಳ ಜೋಡಣೆ ಎಲ್ಲ ವಿಡಿಯೋ ಟೇಪಿನಲ್ಲಿ. ಉಳಿದದ್ದು ಆ ಟೇಪಿನ ಸ್ಪಷ್ಟತೆ ಅಷ್ಟೆ. ಪಿಕಾರ್ಡ್‌ನ ಧಾರಾವಾಹಿಯೂ ಹಾಗೇ ಇತ್ತು. ಅದರ 178 ಕಂತುಗಳ ಫಿಲ್ಮನ್ನು ಹುಡುಕಿ, ಸ್ಕ್ಯಾನ್ ಮಾಡಿ, ಮೊದಲಿನಿಂದ ಸಂಕಲಿಸಿದರು. ‘ವಾಯೇಜರ್’ಗೆ ಆ ಖರ್ಚು ಯಾರೂ ಮಾಡಿಲ್ಲ. ನೀವು ಮಾಡಬಹುದಾದದ್ದು ಒಂದೇ: ರಿಮೋಟಿನಲ್ಲಿ ಚಿತ್ರದ ಅಳತೆ 4:3 ಇರಲಿ. ಎರಡು ಬದಿ ಕಪ್ಪು ಪಟ್ಟಿ ಬರಬೇಕು. ಪರದೆ ತುಂಬಲಿ ಎಂದು ಎಳೆದರೆ ಇದ್ದ ಮಸುಕು ಅಗಲವಾಗಿ, ಹಡಗಿನ ದುಂಡು ತಟ್ಟೆ ನೀರುದೋಸೆ ಹರಡಿದಂತಾಗುತ್ತದೆ.